ಬೆಟ್ಟದೂರಿನ ನೆಲ, ಎರವಲು ದನಿ

ನೀಲಗಿರಿಯ ಇತಿಹಾಸವೆಂದರೆ ಬಹುಮಟ್ಟಿಗೆ ನುಡಿಗಳ ಇತಿಹಾಸ. ತೊದವರು, ಕೋತರು, ಕುರುಂಬರು, ಇರುಳರು, ಬಡಗರು ಒಂದೇ ಬೆಟ್ಟಸಾಲಿನಲ್ಲಿ ತಂತಮ್ಮ ಮಾತನ್ನಾಡುತ್ತ ಬಾಳಿದವರು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಉದಕಮಂಡಲದಲ್ಲಿ ಮನೆ ಕಟ್ಟಿದ ಮೇಲೆ ಅಲ್ಲಿ ಪಟ್ಟಣ ಬೆಳೆಯಿತು. ಬೆಟ್ಟದ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿತು. ಬಯಲುನಾಡಿನ ಜನರೊಡನೆ ಅವರ ಭಾಷೆಗಳೂ ಬೆಟ್ಟವೇರಿದವು.

ಹೀಗೆ ಹೊರಗಿನಿಂದ ಬಂದವರು ಅಲ್ಲಿನವರ ನುಡಿಯನ್ನು ಹೇಗೆ ಕಂಡರು? 1846ರಲ್ಲಿ ಈ ಎರಡು ಪಟ್ಟಣಗಳ ನಡುವಿನ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಬಡಗರ ನಡುವೆ ಕನ್ನಡವನ್ನು ಬಳಸಿದರು. ಬಡಗರ ನುಡಿ ಕನ್ನಡಕ್ಕೆ ಬಹು ಹತ್ತಿರದ್ದು. ಆದರೂ ಅವರು ಅಷ್ಟಕ್ಕೇ ನಿಲ್ಲದೆ, ಸಂತ ಲೂಕರ ಶುಭಸಂದೇಶವನ್ನು ಬಡಗ ನುಡಿಗೇ ತಂದು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಬೆಟ್ಟಕ್ಕೆ ಸಿನಿಮಾದವರು ಬಂದರು. ಅವರಿಗೆ ಬೇಕಾದದ್ದು ಬೆಟ್ಟದ ಚೆಲುವು, ಅದರ ಮಾತಲ್ಲ. 1992ರಲ್ಲಿ ಮಣಿರತ್ನಂ ಅವರ ‘ರೋಜಾ’ ತಮಿಳಿನಲ್ಲಿ ತೆರೆಕಂಡಿತು. ಕಥೆ ನಡೆಯುವುದು ಕಾಶ್ಮೀರದಲ್ಲಿ. ಅಲ್ಲಿನ ಅಶಾಂತಿಯಿಂದಾಗಿ ಚಿತ್ರೀಕರಣ ನಡೆದದ್ದು ಕೂನೂರು, ಉದಕಮಂಡಲ ಹಾಗೂ ಹಿಮಾಚಲದ ಮನಾಲಿಯಲ್ಲಿ. ನೀಲಗಿರಿಯ ನೆಲ ತನ್ನ ಹೆಸರನ್ನು ಬಿಟ್ಟುಕೊಟ್ಟು ಕಾಶ್ಮೀರವಾಯಿತು.

ಆ ಚಿತ್ರದ ನಾಯಕಿ ತಮಿಳು ಹಳ್ಳಿಯ ಹೆಣ್ಣುಮಗಳು. ಗಂಡ ಉಗ್ರರ ವಶವಾದಾಗ, ಭಾಷೆ ಬಾರದ ನಾಡಿನಲ್ಲಿ ಆಕೆ ಒಂಟಿಯಾಗುತ್ತಾಳೆ. ಗೋಳು ತೋಡಿಕೊಳ್ಳಲು ಮಾತಿದೆ, ಅದನ್ನು ಅರಿಯುವವರಿಲ್ಲ. ತಮಿಳು ಬಲ್ಲ ಒಬ್ಬ ಮಾರ್ಗದರ್ಶಿಯೇ ಆಕೆಗೆ ಆಸರೆ. ಮುಂದೆ ಈ ಚಿತ್ರ ಹಿಂದಿಗೆ ಡಬ್ ಆಗಿ ದೇಶವನ್ನೆಲ್ಲ ತಲುಪಿತು. ಆದರೆ ಆಕೆಯ ಬಾಯಲ್ಲಿ ಹಿಂದಿಯನ್ನಿಟ್ಟೊಡನೆ ಆ ಮೂಕಸಂಕಟದ ಕಾರಣವೇ ಮಸುಕಾಯಿತು. ಎಲ್ಲರಿಗೂ ಅರ್ಥವಾಗುವಂತೆ ಮಾಡಹೋಗಿ, ಅರ್ಥವಾಗದಿರುವುದರ ನೋವು ಕಳೆದುಹೋಯಿತು.

ಹಾಗೆಂದು ಡಬ್ಬಿಂಗ್ ಬರಿಯ ನಷ್ಟವೆನ್ನಲಾಗದು. ಲೂಕರ ಶುಭಸಂದೇಶವನ್ನೇ ಆಧರಿಸಿ 1979ರಲ್ಲಿ ಬಂದ ‘ಜೀಸಸ್’ ಚಿತ್ರ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಅಕ್ಷರ ಅರಿಯದ ಎಷ್ಟೋ ಜನ ಪ್ರಭುವಿನ ಮಾತನ್ನು ತಾಯ್ನುಡಿಯಲ್ಲಿ ಕೇಳಿದ್ದು ಹೀಗೆಯೇ. ಇತ್ತ ಕರ್ನಾಟಕದಲ್ಲಿ, ಪರಭಾಷೆಯ ಚಿತ್ರಗಳು ಕನ್ನಡದ ಕಲಾವಿದರನ್ನೂ ನುಡಿಯನ್ನೂ ಮೂಲೆಗೊತ್ತಬಹುದೆಂಬ ಅಂಜಿಕೆಯಿಂದ 1960ರ ದಶಕದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ನಡೆಯಿತು. ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. ಬಳಿಕ ಡಬ್ಬಿಂಗ್ ಚಿತ್ರಗಳು ಮತ್ತೆ ಬಂದವು. ತನ್ನ ನುಡಿಯಲ್ಲಿ ಕೇಳಬೇಕೆಂಬ ಹಂಬಲ, ತನ್ನ ನುಡಿ ಉಳಿಯಬೇಕೆಂಬ ಹಂಬಲ, ಎರಡೂ ನ್ಯಾಯವಾದುವೇ.

ಪವಿತ್ರ ಗ್ರಂಥ ಇವೆರಡನ್ನೂ ಬಲ್ಲದು. ಗಲಿಲೇಯವೂ ಗುಡ್ಡಗಾಡಿನ ಸೀಮೆಯೇ. ಜೆರುಸಲೇಮಿನ ಅಂಗಳದಲ್ಲಿ ಪೇತ್ರನನ್ನು ಗುರುತು ಹಿಡಿದುಕೊಟ್ಟದ್ದು ಅವನ ಮಾತಿನ ವರಸೆ. ಪಂಚಾಶತ್ತಮದ ದಿನ ಅದೇ ಪೇತ್ರನೂ ಜೊತೆಗಾರರೂ ನುಡಿದದ್ದನ್ನು ದೇಶದೇಶಗಳ ಜನ ತಂತಮ್ಮ ಭಾಷೆಯಲ್ಲಿ ಕೇಳಿದರು. ಆದರೂ ಮಾತನಾಡುತ್ತಿರುವವರು ಗಲಿಲೇಯದವರೆಂಬುದನ್ನು ಕೇಳಿದವರು ಅರಿತಿದ್ದರು. ಪವಿತ್ರಾತ್ಮರು ಕೇಳುವವರ ನುಡಿಯನ್ನು ಗೌರವಿಸಿದರು, ಹೇಳುವವರ ಊರನ್ನು ಅಳಿಸಲಿಲ್ಲ.

ಮನೆಯ ಟಿವಿಯಲ್ಲಿ ಡಬ್ಬಿಂಗ್ ಚಿತ್ರ ನೋಡುವಾಗ ಮಕ್ಕಳಿಗೆ ಒಂದು ಮಾತು ಹೇಳೋಣ: ಇದು ಯಾವ ನಾಡಿನ ಕಥೆ, ಆ ಬೆಟ್ಟದ ಜನ ನಿಜವಾಗಿ ಆಡುವ ನುಡಿ ಯಾವುದು ಎಂದು. ನೆರೆಯವನ ಮಾತು ನಮಗೆ ಅರ್ಥವಾದರೆ ಸಾಲದು. ಅದು ಅವನದೆಂಬ ನೆನಪೂ ನಮ್ಮಲ್ಲಿ ಉಳಿಯಬೇಕು.