ಹಳೆಯ ತಂಬೂರಿ ಕಡಲು ದಾಟುವಾಗ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಊರಿನ ಅಂಚು ಮುಗಿಯುವ ಮೊದಲೇ ಪೀರನವಾಡಿ ಸಿಗುತ್ತದೆ. ಪೀರರ ಹೆಸರನ್ನು ಹೊತ್ತ ಈ ಊರಿನ ಮುಂದೆ ಹಾದುಹೋಗುವ ರಸ್ತೆಯೇ ಖಾನಾಪುರದ ಕಾಡು ದಾಟಿ ಗೋವೆಯ ಬಂದರಿಗೆ ಇಳಿಯುತ್ತದೆ. ಸಮುದ್ರ ಇಲ್ಲಿಂದ ದೂರವೇನೂ ಅಲ್ಲ. ಆದರೆ ಇಲ್ಲಿನ ಮನೆಯೊಂದರ ಹಳೆಯ ಸಾಮಾನು ಆ ಸಮುದ್ರವನ್ನು ದಾಟಬೇಕಾದರೆ ಎಷ್ಟು ಬಾಗಿಲು ತಟ್ಟಬೇಕು ಎಂಬುದು ನನಗೆ ತಿಳಿದದ್ದು ಒಂದು ತಂಬೂರಿಯಿಂದ.

ನನಗೆ ಪರಿಚಯದ ಹಿರಿಯರೊಬ್ಬರು ಇಲ್ಲಿದ್ದಾರೆ. ಎಲ್ಲರಿಗೂ ಅವರು ಚಾಚಾ. ಅವರ ಅಜ್ಜನಿಗೆ ಹಾಡಿನ ಹುಚ್ಚಿತ್ತಂತೆ. ಗಾಂಧೀಜಿ ಬೆಳಗಾವಿಗೆ ಬಂದ ವರ್ಷ ಮಿರಜಕ್ಕೆ ಹೋಗಿ ಒಂದು ತಂಬೂರಿ ತಂದರು ಎಂಬುದು ಆ ಮನೆಯ ನೆನಪು. ಅಜ್ಜನ ನಂತರ ಅದನ್ನು ನುಡಿಸುವವರು ಯಾರೂ ಆ ಮನೆಯಲ್ಲಿ ಹುಟ್ಟಲಿಲ್ಲ. ಹಳೆಯ ಚಾದರದಲ್ಲಿ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಕೆನಡಾದಲ್ಲಿರುವ ಕನ್ನಡದ ಕುಟುಂಬವೊಂದು, ಸಂಬಂಧಿಕರ ಮೂಲಕ ಅದರ ಫೋಟೋ ನೋಡಿ, ಕೊಳ್ಳಲು ಮುಂದೆ ಬಂತು. ಅವರು ಹೇಳಿದ ಬೆಲೆಯಲ್ಲಿ ಚಾಚಾ ಅವರ ಮೊಮ್ಮಗಳ ಕಾಲೇಜಿನ ಒಂದು ವರ್ಷದ ಫೀ ಹೋಗುತ್ತಿತ್ತು. “ನೀವು ಓದಿದವರು ಭಾಯಿ, ಕಾಗದಪತ್ರ ಸ್ವಲ್ಪ ನೋಡ್ರಿ” ಎಂದು ಚಾಚಾ ನನ್ನನ್ನು ಕರೆಸಿದರು. ಆ ಕಾಗದಪತ್ರಗಳ ಬೆನ್ನು ಹತ್ತಿದಾಗ ನನಗೆ ಸಿಕ್ಕಿದ್ದು ಒಂದು ಕಸುಬಿನ ಇತಿಹಾಸ.

ಮಿರಜದ ತಂತಿವಾದ್ಯಗಳ ಕಥೆ ಶುರುವಾಗುವುದೇ ಹಳೆಯ ಸಾಮಾನಿನ ದುರಸ್ತಿಯಿಂದ. ಈ ವಾದ್ಯ ಮಾಡುವವರು ಮೂಲದಲ್ಲಿ ಶಿಕಲಗಾರರು. ಕತ್ತಿ, ಗುರಾಣಿ, ಭರ್ಜಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದ ಮುಸ್ಲಿಮ್ ಕುಶಲಕರ್ಮಿಗಳು. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಕತ್ತಿಗೆ ಕೆಲಸ ಕಡಿಮೆಯಾಯಿತು. ಆಗ ಮಿರಜವು ಪಟವರ್ಧನರ ಸಂಸ್ಥಾನ. ದರಬಾರಿಗೆ ಗಾಯಕರು, ವಾದಕರು ಬರುತ್ತಿದ್ದರು. ಅವರ ವಾದ್ಯ ಮುರಿದರೆ ಉತ್ತರ ಹಿಂದೂಸ್ಥಾನಕ್ಕೇ ಕಳಿಸಬೇಕಿತ್ತು. ಫರೀದಸಾಹೇಬ ಎಂಬ ಶಿಕಲಗಾರರು ಅಂಥದೊಂದು ವಾದ್ಯವನ್ನು ಸರಿಪಡಿಸಿ ಕೊಟ್ಟರು, ಆಮೇಲೆ ತಾವೇ ಹೊಸದನ್ನು ಮಾಡತೊಡಗಿದರು ಎಂದು ಮಿರಜದವರು ಹೇಳುತ್ತಾರೆ. 19ನೇ ಶತಮಾನದ ನಡುವಿನ ಮಾತಿದು. ಶಿಕಲಗಾರ ಎಂಬ ಅಡ್ಡಹೆಸರು ಮುಂದೆ ಸಿತಾರಮೇಕರ್ ಎಂದಾಯಿತು. ಕತ್ತಿ ಮಸೆದ ಕೈಗಳು ಸ್ವರಕ್ಕೆ ಹದ ಹಿಡಿಯತೊಡಗಿದವು. ಇತಿಹಾಸದ ಪುಸ್ತಕಗಳಲ್ಲಿ ನಮ್ಮನ್ನು ಸದಾ ಕತ್ತಿಯೊಂದಿಗೇ ನೋಡುವವರು ಮಿರಜದ ಈ ಗಲ್ಲಿಗೆ ಒಮ್ಮೆ ಹೋಗಿ ಬರಬೇಕು.

ಈ ಕಸುಬು ನಮ್ಮ ಭಾಗದಲ್ಲಿ ಬೇರೂರಲು ಕಾರಣಗಳಿವೆ. ತಂಬೂರಿಯ ದಂಡಿಗೆ ಬೇಕಾದ ತೂನ್ ಮರ ಸಹ್ಯಾದ್ರಿಯ ಕಾಡಿನಲ್ಲಿ ಬೆಳೆಯುತ್ತದೆ. ಬುರುಡೆಗೆ ಬೇಕಾದ ಕಹಿ ಕುಂಬಳ ಪಂಢರಪುರ, ಸೊಲ್ಲಾಪುರದ ಕಡೆಯ ಹೊಲಗಳಿಂದ ಬರುತ್ತದೆ. ಅದು ತಿನ್ನುವ ಕುಂಬಳವಲ್ಲ, ವಾದ್ಯಕ್ಕೆಂದೇ ಬೆಳೆದು ಒಣಗಿಸುವಂಥದು. 19ನೇ ಶತಮಾನದ ಕೊನೆಯಲ್ಲಿ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ರೈಲು ಓಡತೊಡಗಿದ ಮೇಲೆ ಗಾಯಕರೂ ವಾದ್ಯಗಳೂ ಅದೇ ಗಾಡಿಯಲ್ಲಿ ಓಡಾಡಿದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಮಿರಜದಲ್ಲಿ ನೆಲೆಸಿದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರೂಸಿನಲ್ಲಿ ದೊಡ್ಡ ದೊಡ್ಡ ಗಾಯಕರು ಬಂದು ಹಾಡುತ್ತಾರೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡದಲ್ಲಿ ಸಿತಾರರತ್ನ ರಹಿಮತ್ ಖಾನ್ ಅವರ ಮನೆತನ ಸಿತಾರಿನ ಪರಂಪರೆಯನ್ನೇ ಕಟ್ಟಿತು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹುಬ್ಬಳ್ಳಿ-ಧಾರವಾಡದ ಸಂಗೀತದ ಬೆನ್ನ ಹಿಂದೆ ಮಿರಜದ ಬಡಗಿಯೊಬ್ಬ ಕುಳಿತಿದ್ದಾನೆ.

ಭಾರತದ ವಾದ್ಯಗಳು ಕಡಲು ದಾಟಿದ್ದು ಹೊಸ ಸಂಗತಿಯಲ್ಲ. 1870ರ ದಶಕದಲ್ಲಿ ಕಲಕತ್ತೆಯ ರಾಜಾ ಸೌರೀಂದ್ರ ಮೋಹನ ಟಾಗೋರರು ಯೂರೋಪಿನ ಅರಸರಿಗೂ ಸಂಸ್ಥೆಗಳಿಗೂ ವಾದ್ಯಗಳನ್ನು ಉಡುಗೊರೆ ಕಳಿಸಿದರು. ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯದ ಆರಂಭದ ಸಂಗ್ರಹದಲ್ಲಿ ಅವು ಸೇರಿವೆ. 1965ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಲಂಡನ್ನಿನ ಅಂಗಡಿಯೊಂದರಲ್ಲಿ ಸಿತಾರ ಕೊಂಡು ತಮ್ಮ ಹಾಡಿಗೆ ಬಳಸಿದರು. 1967ರಲ್ಲಿ ರವಿಶಂಕರ್ ಅಮೆರಿಕದ ಮಾಂಟೆರೆ ಉತ್ಸವದಲ್ಲಿ ನುಡಿಸಿದರು. ಅಲ್ಲಿಂದ ಮುಂದೆ ಸಿತಾರ, ತಂಬೂರಿಗಳಿಗೆ ಹೊರದೇಶದಲ್ಲಿ ಗಿರಾಕಿಗಳು ಹುಟ್ಟಿಕೊಂಡರು. ಹೊಸದಕ್ಕಿಂತ ಹಳೆಯದನ್ನೇ ಹುಡುಕುವವರೂ ಇದ್ದಾರೆ. ಕಟ್ಟಿಗೆ ಒಣಗಿ ಹಳೆಯದಾದಷ್ಟೂ ನಾದ ಮಾಗುತ್ತದೆ ಎಂಬುದು ನುಡಿಸುವವರ ನಂಬಿಕೆ.

ಆದರೆ ಹಳೆಯ ವಾದ್ಯವನ್ನು ಕಳಿಸುವಾಗ ಎದುರಾಗುವ ಮೊದಲ ಪ್ರಶ್ನೆ ಅದರ ಕುದುರೆಯದು. ತಂತಿಗಳು ಹಾಯುವ ಆ ಸಣ್ಣ ಪೀಠಕ್ಕೆ ಕನ್ನಡದಲ್ಲಿ ಕುದುರೆ, ಮರಾಠಿಯಲ್ಲಿ ಘೋಡಿ. ಅದರ ಮೇಲ್ಮೈಯನ್ನು ನಯವಾಗಿ ಹದಗೊಳಿಸಿದಾಗ ಹುಟ್ಟುವ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ, ಅಪ್ಪಟ ಎಂಬ ಅರ್ಥ. ಎರಡೂ ಇಲ್ಲಿ ಹೊಂದುತ್ತವೆ. ಹಿಂದೆ ಈ ಕುದುರೆಯನ್ನು ಆನೆಯ ದಂತ, ಜಿಂಕೆಯ ಕೊಂಬು, ಒಂಟೆಯ ಮೂಳೆಗಳಿಂದ ಮಾಡುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1986ರ ತಿದ್ದುಪಡಿ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದಿಂದ ತಂದ ದಂತಕ್ಕೂ ಅದನ್ನೇ ಅನ್ವಯಿಸಿತು. ವೀರಪ್ಪನ್ ದಂತಕ್ಕಾಗಿ ನಮ್ಮ ಕಾಡುಗಳಲ್ಲಿ ಎಷ್ಟು ಆನೆಗಳನ್ನು ಕೊಂದ ಎಂಬುದನ್ನು ಬಲ್ಲ ಕನ್ನಡಿಗರು ಈ ಕಾನೂನನ್ನು ಬೇಡವೆನ್ನಲಾರರು. ಆದರೆ ಕಾನೂನಿಗಿಂತ ಮೊದಲು ಹುಟ್ಟಿದ ವಾದ್ಯಗಳು ಮನೆಮನೆಗಳಲ್ಲಿವೆ. ಅವುಗಳಲ್ಲಿ ದಂತವಿದ್ದರೆ ಹೊರದೇಶಕ್ಕೆ ಮಾರುವ ಮಾತೇ ಇಲ್ಲ.

ಚಾಚಾ ಅವರ ಮನೆಯಲ್ಲಿ ಕುದುರೆ ದಂತದ್ದೆಂದೇ ಎಲ್ಲರೂ ಹೇಳುತ್ತಿದ್ದರು. ಅದು ಹೆಮ್ಮೆಯ ಮಾತಾಗಿತ್ತು. ಮಿರಜದ ವೃದ್ಧ ಕುಶಲಕರ್ಮಿಯೊಬ್ಬರಿಗೆ ತೋರಿಸಿದೆವು. ದಂತವಾದರೆ ಅಡ್ಡ ಕೊಯ್ದ ಕಡೆ ಜಾಳಿಗೆಯಂತೆ ಒಂದಕ್ಕೊಂದು ಹಾಯುವ ಗೆರೆಗಳು ಕಾಣುತ್ತವೆ. ಮೂಳೆಯಾದರೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಅವರು ಬೆಳಕಿಗೆ ಹಿಡಿದು ನೋಡಿ, “ಒಂಟೆಯ ಮೂಳೆ” ಎಂದರು. ಮೂರು ತಲೆಮಾರಿನ ಹೆಮ್ಮೆ ಅಲ್ಲಿಗೆ ಮುಗಿಯಿತು. ಆದರೆ ಚಾಚಾ ನಿಟ್ಟುಸಿರು ಬಿಟ್ಟು, “ಅಲ್ಲಾಹನ ಕೃಪಾ” ಎಂದರು.

ಎರಡನೆಯ ಪ್ರಶ್ನೆ ಕಟ್ಟಿಗೆಯದು. ಬೀಟೆ, ಶೀಶಮ್ ಜಾತಿಯ ಮರಗಳನ್ನು 2017ರ ಜನವರಿ 2ರಿಂದ ಅಂತಾರಾಷ್ಟ್ರೀಯ ಒಪ್ಪಂದವೊಂದರ ನಿಯಂತ್ರಣಕ್ಕೆ ತರಲಾಯಿತು. ಗಿಟಾರಿನಿಂದ ಸಿತಾರಿನ ಬಿರಡೆಯವರೆಗೆ ಲೋಕದ ವಾದ್ಯಗಾರರೆಲ್ಲ ತೊಂದರೆಗೆ ಸಿಕ್ಕರು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಇದಲ್ಲದೆ ವಾದ್ಯವನ್ನು ತುಂಬುವ ಪೆಟ್ಟಿಗೆಗೂ ನಿಯಮವಿದೆ. ಹಸಿ ಹಲಗೆಯಲ್ಲಿ ಹುಳ ಸೇರಿ ಬೇರೆ ದೇಶದ ಕಾಡಿಗೆ ಹರಡಬಾರದೆಂದು, ಹಲಗೆಯ ಒಳಗಿನ ತಿರುಳೂ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕು, ಅದಕ್ಕೆ ಮುದ್ರೆ ಬೀಳಬೇಕು. ಚಾಚಾ ಊರಿನ ಬಡಗಿಯಿಂದ ಮಾವಿನ ಹಲಗೆಯ ಗಟ್ಟಿ ಪೆಟ್ಟಿಗೆ ಮಾಡಿಸಿ ಇಟ್ಟಿದ್ದರು. ಅದು ಕೆಲಸಕ್ಕೆ ಬರಲಿಲ್ಲ. ಪ್ಲೈವುಡ್ಡಿಗೆ ಈ ನಿಯಮವಿಲ್ಲ. ಆದ್ದರಿಂದ ಇನ್ನೊಂದು ಪೆಟ್ಟಿಗೆಗೆ ಅಳತೆ ಕೊಟ್ಟೆವು.

ಮೂರನೆಯದು ತೂಕದ ಲೆಕ್ಕ. ವಿಮಾನದ ಕೊರಿಯರಿನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅಷ್ಟು ಕಿಲೋಗೇ ಬಾಡಿಗೆ. 150 ಉದ್ದ, 50 ಅಗಲ, 50 ಎತ್ತರದ ಪೆಟ್ಟಿಗೆಯೆಂದರೆ 75 ಕಿಲೋ. ಒಳಗಿರುವ ತಂಬೂರಿ ಪೆಟ್ಟಿಗೆ ಸಮೇತ ಹತ್ತು ಹದಿನೈದು ಕಿಲೋ ಇದ್ದೀತು. ಉಳಿದದ್ದೆಲ್ಲ ಗಾಳಿಯ ಬಾಡಿಗೆ. ಹಡಗಿನಲ್ಲಿ ಬಾಡಿಗೆ ಕಡಿಮೆ, ಆದರೆ ವಾರಗಟ್ಟಲೆ ಸಮುದ್ರದ ತೇವ ತಿಂದ ಬುರುಡೆ ಕೊನೆಗೆ ಶೀತದೇಶದ ಬಿಸಿ ಕೋಣೆಯೊಳಗೆ ಹೋದರೆ ಬಿರುಕು ಬಿಡಬಹುದು. ತಂತಿ ಸಡಿಲಿಸಿ, ಕುದುರೆ ಕಳಚಿ, ಬುರುಡೆಯ ಸುತ್ತ ಮೆತ್ತನೆಯ ಒತ್ತು ಕೊಟ್ಟು ಕಳಿಸಿದರೂ ಭರವಸೆ ಇಲ್ಲ. ದೇಶ ದೇಶದ ಸುಂಕದ ನಿಯಮಗಳೂ ದಿನ ಬೆಳಗಾದರೆ ಬದಲಾಗುತ್ತವೆ. 800 ಡಾಲರಿನೊಳಗಿನ ಸಾಮಾನಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟಿನಲ್ಲಿ ತೆಗೆದುಹಾಕಿದಾಗ, ಭಾರತದ ಅಂಚೆ ಇಲಾಖೆ ಆ ದೇಶಕ್ಕೆ ಹೆಚ್ಚಿನ ಪಾರ್ಸೆಲುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಇಷ್ಟೆಲ್ಲ ಕೇಳಿದ ಮೇಲೆ ಮಧ್ಯವರ್ತಿಯೊಬ್ಬ ಸುಲಭದ ದಾರಿ ಹೇಳಿದ. “ಗಿಫ್ಟ್ ಅಂತ ಬರೀರಿ ಚಾಚಾ. ಹಳೇ ಕಟಗಿ ಸಾಮಾನು, ಕಿಮ್ಮತ್ತು ಐದುನೂರು ಅಂತ ಹಾಕ್ರಿ. ಯಾರು ನೋಡ್ತಾರ?” ಚಾಚಾ ನನ್ನ ಮುಖ ನೋಡಿದರು. ಪ್ರವಾದಿಯವರು (ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆ ಇರುವುದನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಹಳೆಯ ಸಾಮಾನಿನ ವ್ಯಾಪಾರಕ್ಕೆ ಅದಕ್ಕಿಂತ ಹತ್ತಿರದ ಪಾಠವಿಲ್ಲ. ಹೊಸ ಸಾಮಾನಿನ ದೋಷ ಮಾಡಿದವನದು, ಹಳೆಯ ಸಾಮಾನಿನ ದೋಷ ಹೇಳದೆ ಮಾರಿದವನದು. ಅದು ಗಿರಾಕಿಗೆ ಮಾತ್ರವಲ್ಲ, ಸುಂಕದ ಕಟ್ಟೆಯವನಿಗೂ ಅನ್ವಯಿಸುತ್ತದೆ. ಚಾಚಾ ಒಪ್ಪಲಿಲ್ಲ.

ಕೊನೆಯ ಪ್ರಶ್ನೆ ವಯಸ್ಸಿನದು. ಅದೇ ಎಲ್ಲಕ್ಕಿಂತ ದೊಡ್ಡದಾಯಿತು. ಬ್ರಿಟಿಷರ ಕಾಲದಲ್ಲಿ ಈ ನೆಲದ ಎಷ್ಟು ವಸ್ತುಗಳು ಹಡಗು ಹತ್ತಿದವು ಎಂಬುದಕ್ಕೆ ಲೆಕ್ಕವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನರ ಗ್ರಂಥಭಂಡಾರ ಚದುರಿಹೋಯಿತು. ಬಿಜಾಪುರದ ಅಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಕಾಲದ ಹಸ್ತಪ್ರತಿಗಳು 1853ರಲ್ಲಿ ಲಂಡನ್ ಸೇರಿದವು. ಆಗ ಯಾವ ಪ್ರಮಾಣಪತ್ರವನ್ನೂ ಯಾರೂ ಕೇಳಲಿಲ್ಲ. ಸ್ವತಂತ್ರ ಭಾರತ 1972ರಲ್ಲಿ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಮಾಡಿತು, 1976ರಲ್ಲಿ ಅದು ಜಾರಿಗೆ ಬಂತು. ಹಸ್ತಪ್ರತಿಯಾದರೆ 75 ವರ್ಷ, ಬೇರೆ ಕಲಾವಸ್ತು, ಕುಶಲವಸ್ತುಗಳಾದರೆ 100 ವರ್ಷ. ಅಷ್ಟು ಹಳೆಯದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ವಸ್ತು ಅಷ್ಟು ಹಳೆಯದಲ್ಲ ಎಂದಾದರೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬೇಕು.

ಗಾಂಧೀಜಿ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು 1924ರ ಡಿಸೆಂಬರಿನಲ್ಲಿ. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅಲ್ಲಿ ಸ್ವಾಗತಗೀತೆ ಹಾಡಿದ್ದರು. ಮನೆಯವರ ನೆನಪು ಸರಿಯಾಗಿದ್ದರೆ ತಂಬೂರಿಗೆ ನೂರು ತುಂಬಿ ಹೋಗಿದೆ. ಮಧ್ಯವರ್ತಿ ಮತ್ತೆ ಹೇಳಿದ, “ನೀವು ಬಾಯಿ ಬಿಡದಿದ್ದರ ಆತು. ತೊಂಬತ್ತು ಅನ್ರಿ.” ವಾದ್ಯದ ಮೇಲೆ ತಾರೀಖಿಲ್ಲ. ರಸೀದಿಯೂ ಇಲ್ಲ. ಇರುವುದು ಅಜ್ಜ ಹೇಳಿದ ಮಾತು ಮಾತ್ರ. “ಅಜ್ಜಾನ ಮಾತು ಸುಳ್ಳು ಮಾಡಿ ಅಜ್ಜಾನ ತಂಬೂರಿ ಮಾರಲೇನು?” ಎಂದರು ಚಾಚಾ.

ಅವರು ಕೆನಡಾದವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದರು. ಆ ಕುಟುಂಬ ಬೇಸರಪಡಲಿಲ್ಲ. ಮಿರಜದಿಂದಲೇ ಹೊಸದೊಂದನ್ನು ತರಿಸಿಕೊಂಡಿತು. ಮಿರಜದ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹೊಸ ವಾದ್ಯಕ್ಕೆ ಅದೊಂದು ಆಸರೆ. ಚಾಚಾ ಅವರ ತಂಬೂರಿ ಧಾರವಾಡದಲ್ಲಿ ಹಾಡು ಕಲಿಯುವ ಹುಡುಗಿಯೊಬ್ಬಳ ಮನೆಗೆ ಹೋಯಿತು. ಬಂದ ಹಣ ಕೆನಡಾದವರು ಹೇಳಿದ್ದರ ಕಾಲು ಭಾಗವೂ ಇರಲಿಲ್ಲ. ಮೊಮ್ಮಗಳ ಫೀಗೆ ಸಾಲ ಮಾಡಬೇಕಾಯಿತು.

ಕಾನೂನು ತಪ್ಪೆಂದು ನಾನು ಹೇಳಲಾರೆ. ಆನೆಯೂ ಉಳಿಯಬೇಕು, ಕಾಡೂ ಉಳಿಯಬೇಕು, ಅಸಾರ್ ಮಹಲಿನಂತೆ ನಮ್ಮ ಮನೆಗಳು ಬರಿದಾಗಲೂಬಾರದು. ಆದರೆ ದೇಶದ ಸಂಪತ್ತೆಂದು ಒಂದು ವಸ್ತುವನ್ನು ಹೊಸಿಲಲ್ಲೇ ತಡೆದು ನಿಲ್ಲಿಸಿದ ಮೇಲೆ, ಅದನ್ನು ನೂರು ವರ್ಷ ಧೂಳು ಒರೆಸಿ ಕಾಯ್ದ ಬಡವನಿಗೆ ದೇಶ ಏನು ಕೊಡುತ್ತದೆ? ಈ ಪ್ರಶ್ನೆಗೆ ಯಾವ ಕಾಯ್ದೆಯಲ್ಲೂ ನನಗೆ ಉತ್ತರ ಸಿಗಲಿಲ್ಲ. ಮೊನ್ನೆ ಪೀರನವಾಡಿಗೆ ಹೋದಾಗ ಮಾವಿನ ಹಲಗೆಯ ಆ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದರಲ್ಲಿ ಚಳಿಗಾಲದ ಹಾಸಿಗೆ ತುಂಬಿದ್ದರು. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು.