ಆಣಿ, ಜಡ್ಡು, ಕದರ: ಪಾದಚಿಕಿತ್ಸೆಯ ಆಯ್ಕೆ

ಪ್ರಾಚೀನ ವೈದ್ಯಗ್ರಂಥಗಳನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಹೆಚ್ಚಾಗಿ ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತವೆ. ಆದರೆ ಪಾದದ ಚರ್ಮ ಗಟ್ಟಿಯಾಗುವಂತಹ ಅಲ್ಪವ್ಯಾಧಿಯೊಂದನ್ನು ಹಿಡಿದು ಹೊರಟರೂ ಭಾಷೆ, ವೈದ್ಯ, ಧರ್ಮಗಳು ಒಂದೆಡೆ ಸಂಧಿಸುವುದು ಕಾಣುತ್ತದೆ. ಅದನ್ನು ತೆಗೆಯಲು ಯಾವ ವಿಧಾನ ತಕ್ಕದ್ದೆಂಬುದರ ಮೊದಲ ಸೂಚನೆ ಅದರ ಹೆಸರಿನಲ್ಲೇ ಇದೆ.

ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳುಂಟು. ತಿಕ್ಕಾಟಕ್ಕೆ ಒಳಗಾಗಿ ಅಗಲವಾಗಿ ದಪ್ಪಗಟ್ಟಿದ ಚರ್ಮ ಜಡ್ಡು. ಒಂದೇ ಜಾಗದ ಮೇಲೆ ಒತ್ತಡ ಬಿದ್ದು, ಒಳಮುಖವಾಗಿ ಮೊನೆಯಂತೆ ಇಳಿದು, ನಡೆವಾಗ ಚುಚ್ಚುವುದು ಆಣಿ. ಆಣಿಯೆಂದರೆ ಮೊಳೆಯೂ ಹೌದು. ರೋಮನ್ ಲೇಖಕ ಸೆಲ್ಸಸ್ ಒಂದನೆಯ ಶತಮಾನದಲ್ಲಿ ಇದನ್ನು ಕರೆದ ಲ್ಯಾಟಿನ್ ಹೆಸರು 'ಕ್ಲಾವುಸ್'. ಅದರ ಅರ್ಥವೂ ಮೊಳೆಯೇ. ಸುಶ್ರುತಸಂಹಿತೆ 'ಕದರ'ವನ್ನು ಕೀಲದಂತೆ ಗಡುಸಾದ ಗಂಟೆಂದು ವರ್ಣಿಸುತ್ತದೆ. ಒಂದೇ ನೋವು ಮೂರು ಭಾಷೆಗಳಲ್ಲಿ ಒಂದೇ ಉಪಮೆಯನ್ನು ಹುಟ್ಟಿಸಿದೆ.

ಉಪಮೆ ಒಂದಾದರೂ ಚಿಕಿತ್ಸೆ ಒಂದಲ್ಲ. ಕದರವನ್ನು ೪೪ ಕ್ಷುದ್ರರೋಗಗಳಲ್ಲಿ ಎಣಿಸುವ ಸುಶ್ರುತಸಂಹಿತೆ ಅದನ್ನು ಕೊಯ್ದು ತೆಗೆದು, ಆ ಸ್ಥಾನವನ್ನು ಕಾದ ಎಣ್ಣೆಯಿಂದ ಸುಡಲು ಹೇಳುತ್ತದೆ. ಸೆಲ್ಸಸ್ ಆಗಾಗ ಹೆರೆಯುತ್ತಿರುವುದೇ ಲೇಸೆನ್ನುತ್ತಾನೆ. ಮೊದಲನೆಯದು ಮೊಳೆಯನ್ನು ಕಿತ್ತೊಗೆಯುವ ಶಲ್ಯತಂತ್ರದ ದಾರಿ. ಎರಡನೆಯದು ಅದನ್ನು ಸವೆಸುವ ತಾಳ್ಮೆಯ ದಾರಿ.

ವಿಧಾನದ ಜೊತೆಗೆ ದ್ರವ್ಯದ ಆಯ್ಕೆಯೂ ಇತ್ತು. ಬಹಳ ನಡೆಯುವವರ ಒಣಗಿದ ಪಾದಗಳು ಬಿರಿಯುವ 'ಪಾದದಾರೀ' ವ್ಯಾಧಿಗೆ ಸುಶ್ರುತಸಂಹಿತೆ ಹೇಳುವ ಲೇಪದಲ್ಲಿ ಜೇನುಮೇಣ, ತುಪ್ಪಗಳ ಜೊತೆಗೆ ಪ್ರಾಣಿಗಳ ವಸೆ, ಮಜ್ಜೆಗಳೂ ಸೇರಿವೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನಂತಹ ವೈದ್ಯನಿಗೆ ಇಂಥ ಲೇಪ ಇದ್ದಂತೆಯೇ ಒಪ್ಪಿಗೆಯಾಗುವಂತಿರಲಿಲ್ಲ. ಅವನ ಸಂಸ್ಕೃತ 'ಕಲ್ಯಾಣಕಾರಕ'ದ ಕೊನೆಗೆ ಸೇರಿರುವ 'ಹಿತಾಹಿತ' ಪ್ರಕರಣ ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ನಿಷ್ಫಲತೆಯನ್ನು ಕುರಿತು ಮಾಡಿದ ವಾದ. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರದೆಂದು ಪ್ರಸಿದ್ಧವಾದ ಇದೇ ಹೆಸರಿನ ವೈದ್ಯಗ್ರಂಥವನ್ನು ಕನ್ನಡಿಸಿದನು. ಅಲ್ಲಿಯೂ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ರೋಗ ಗುಣವಾದರೆ ಸಾಲದು, ಮದ್ದು ಹಿಂಸೆಯಿಂದ ಬಂದಿರಬಾರದು ಎಂಬುದು ಈ ಪರಂಪರೆಯ ನಿಲುವು.

ಇಲ್ಲಿ ಒಂದು ಕುತೂಹಲದ ಸಂಗತಿಯನ್ನು ಗಮನಿಸಬೇಕು. ಕದರಕ್ಕೆ ಸುಶ್ರುತಸಂಹಿತೆ ಕೊಡುವ ಕಾರಣಗಳು ಶರ್ಕರ ಮತ್ತು ಕಂಟಕ, ಅಂದರೆ ಹರಳು ಮತ್ತು ಮುಳ್ಳು. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಚರ್ಯಾಪರೀಷಹವನ್ನು ವಿವರಿಸುವಾಗ, ಬರಿಗಾಲಿನಲ್ಲಿ ವಿಹರಿಸುವ ಮುನಿಯನ್ನು ಚುಚ್ಚುವುವೂ ಇವೇ. ವೈದ್ಯನಿಗೆ ಇವು ನಿದಾನ, ಮುನಿಗೆ ಸಹನೆಯ ಒರೆಗಲ್ಲು. ಪರಂಪರೆ ಈ ಎರಡು ದೃಷ್ಟಿಗಳನ್ನೂ ಪೂಜ್ಯಪಾದರೆಂಬ ಒಂದೇ ಹೆಸರಿಗೆ ಸೇರಿಸಿರುವುದು ಅರ್ಥಪೂರ್ಣ. ಗೃಹಸ್ಥನ ದೇಹಕ್ಕೆ ಚಿಕಿತ್ಸೆಯನ್ನೂ ಮುನಿಯ ದೇಹಕ್ಕೆ ಸಹನೆಯನ್ನೂ ವಿಧಿಸುವುದರಲ್ಲಿ ಅದಕ್ಕೆ ವಿರೋಧ ಕಾಣಲಿಲ್ಲ.

ಇಂದಿನ ವೈದ್ಯವೂ ಮೊದಲು ಸ್ವರೂಪವನ್ನೇ ವಿಚಾರಿಸುತ್ತದೆ. ನೋವಿಲ್ಲದ ಜಡ್ಡನ್ನು ತೆಗೆಯಲೇಬೇಕೆಂದಿಲ್ಲ, ಅದು ಪಾದದ ಕವಚ. ತೊಂದರೆ ಕೊಟ್ಟರೆ ಬೆಚ್ಚನೆಯ ನೀರಿನಲ್ಲಿ ನೆನೆಸಿ ಕಲ್ಲಿನಿಂದ ಮೆಲ್ಲಗೆ ಉಜ್ಜಬಹುದು. ಆಣಿಗೆ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಯುಂಟು. ಒತ್ತುವ ಪಾದರಕ್ಷೆಯನ್ನು ಬದಲಿಸದಿದ್ದರೆ ಯಾವುದೂ ನಿಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಮಾತ್ರ ಬ್ಲೇಡನ್ನಾಗಲಿ ಆಮ್ಲವನ್ನಾಗಲಿ ತಾವೇ ಬಳಸಬಾರದು. ಅವರಿಗೆ ಅರಿವಾಗದ ಒಂದು ಗಾಯ ಪಾದವನ್ನೇ ಕಳೆಯಬಹುದು. ಅವರು ವೈದ್ಯರಲ್ಲಿಗೇ ಹೋಗಬೇಕು.

ಕೊನೆಗೆ ನಮ್ಮ ಭಾಷೆಯ ಒಂದು ರೂಪಕದ ಮಾತು. 'ಜಡ್ಡುಗಟ್ಟಿದ ಮನಸ್ಸು' ಎಂದರೆ ಸಂವೇದನೆ ಸತ್ತ ಮನಸ್ಸು. ಆದರೆ ಬರಿಗಾಲಿನಲ್ಲಿ ನಡೆಯುವವರನ್ನೂ ಪಾದರಕ್ಷೆ ಧರಿಸುವವರನ್ನೂ ಹೋಲಿಸಿ ೨೦೧೯ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಜಡ್ಡು ದಪ್ಪವಾದರೂ ಅಂಗಾಲಿನ ಸಂವೇದನೆ ಕುಗ್ಗುವುದಿಲ್ಲವೆಂದು ತೋರಿಸಿತು. ಈರ್ಯಾಸಮಿತಿಯಿಂದ ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಯ ಪಾದ ಜಡ್ಡುಗಟ್ಟಿದ್ದರೂ ಜಡವಾಗಿರುವುದಿಲ್ಲ. ರೂಪಕವನ್ನು ಅಂಗಾಲಿನಿಂದ ಮನಸ್ಸಿಗೆ ಒಯ್ದವರು ನಾವು. ಆ ಅಪವಾದ ಪಾದಕ್ಕೆ ಸಲ್ಲದು.