ದಾಂಪತ್ಯ ಮತ್ತು ಕ್ಯಾನ್ಸರ್: ಒಂದು ಲೆಕ್ಕದ ಚರಿತ್ರೆ

ಆಸ್ಪತ್ರೆಯಲ್ಲಿ ಹೊಸ ರೋಗಿಯ ಹೆಸರು ಬರೆಸುವಾಗ ವಯಸ್ಸು, ವಿಳಾಸಗಳ ಬಳಿಕ ಇನ್ನೊಂದು ಪ್ರಶ್ನೆ ಇರುತ್ತದೆ: ಮದುವೆಯಾಗಿದೆಯೇ? ಗುಮಾಸ್ತ ಕೇಳುತ್ತಾನೆ, ರೋಗಿ ಹೇಳುತ್ತಾನೆ, ಕಾಗದದ ಮೇಲೆ ಒಂದು ಗುರುತು ಬೀಳುತ್ತದೆ. ಆ ಗುರುತಿಗೂ ರೋಗ ಗುಣವಾಗುವುದಕ್ಕೂ ಏನು ಸಂಬಂಧ ಎಂದು ಯಾರೂ ಯೋಚಿಸುವುದಿಲ್ಲ. ಆದರೆ ಲಕ್ಷಾಂತರ ಕ್ಯಾನ್ಸರ್ ರೋಗಿಗಳ ಇಂತಹ ಗುರುತುಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಅಚ್ಚರಿ ಕಾದಿತ್ತು. ರೋಗ ಅದೇ, ವಯಸ್ಸು ಅದೇ. ಆದರೂ ವಿವಾಹಿತರು ಹೆಚ್ಚು ಕಾಲ ಬದುಕುತ್ತಾರೆ. ಅವಿವಾಹಿತರು, ವಿಚ್ಛೇದಿತರು, ಸಂಗಾತಿಯನ್ನು ಕಳೆದುಕೊಂಡವರು ಬೇಗ ಸಾಯುತ್ತಾರೆ.

ಈ ಮಾತನ್ನು ‘ಮದುವೆಯೇ ಕ್ಯಾನ್ಸರಿಗೆ ಮದ್ದು’ ಎಂಬ ಧಾಟಿಯಲ್ಲಿ ಹೇಳುವವರಿದ್ದಾರೆ. ಮದುವೆಯಾಗದವರ, ಗಂಡನನ್ನು ಕಳೆದುಕೊಂಡವರ ಗತಿಯೇನು ಎಂದು ಅವರು ಕೇಳುವುದಿಲ್ಲ. ಆ ಲೆಕ್ಕ ನಿಜವಾಗಿ ಹೇಳುವುದೇನು ಎಂಬುದು ತಿಳಿಯಬೇಕಾದರೆ ಅದು ಹುಟ್ಟಿ ಬೆಳೆದ ಬಗೆಯನ್ನು ನೋಡಬೇಕು.

ಕ್ಯಾನ್ಸರ್ ಮತ್ತು ಮದುವೆಯನ್ನು ಅಂಕಿಗಳ ಮೂಲಕ ಜೋಡಿಸಿ ನೋಡಿದವರಲ್ಲಿ ಇಟಲಿಯ ವೈದ್ಯ ಡೊಮೆನಿಕೊ ರಿಗೋನಿ-ಸ್ಟರ್ನ್ ಮೊದಲಿಗರಲ್ಲೊಬ್ಬ. ವೆರೋನಾ ನಗರದ 1760ರಿಂದ 1839ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿ 1842ರಲ್ಲಿ ಅವನು ತನ್ನ ಫಲಿತಾಂಶವನ್ನು ಪ್ರಕಟಿಸಿದ. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ಕ್ರೈಸ್ತ ಸನ್ಯಾಸಿನಿಯರು ವಿರಳ, ವಿವಾಹಿತ ಸ್ತ್ರೀಯರು ಹೆಚ್ಚು. ಸ್ತನದ ಕ್ಯಾನ್ಸರಿನಲ್ಲಿ ಇದು ತಿರುವುಮುರುವು. ಇದರ ಕಾರಣ ತಿಳಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಗರ್ಭಕೋಶದ ಕಂಠದ ಕ್ಯಾನ್ಸರಿನ ಹಿಂದೆ ದೈಹಿಕ ಸಂಪರ್ಕದಿಂದ ಹರಡುವ ವೈರಸ್ ಇದೆಯೆಂದು ತೋರಿಸಿದ ಹೆರಾಲ್ಡ್ ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಹೆರಿಗೆ ಮತ್ತು ಎದೆಹಾಲುಣಿಸುವಿಕೆ ಸ್ತನದ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತವೆ ಎಂಬುದೂ ಸ್ಪಷ್ಟವಾಯಿತು. ಇವೆಲ್ಲ ರೋಗ ಯಾರಿಗೆ ಬರುತ್ತದೆ ಎಂಬುದಕ್ಕೆ ಉತ್ತರ. ರೋಗ ಬಂದ ಮೇಲೆ ಬದುಕುವವರು ಯಾರು ಎಂಬುದು ಬೇರೆಯೇ ಪ್ರಶ್ನೆ.

ಆ ಎರಡನೆಯ ಪ್ರಶ್ನೆಗೆ ಬುನಾದಿ ಹಾಕಿದವನು ಬ್ರಿಟನ್ನಿನ ಅಂಕಿಅಂಶ ತಜ್ಞ ವಿಲಿಯಂ ಫಾರ್. ಫ್ರಾನ್ಸಿನ ಸುಮಾರು 2.5 ಕೋಟಿ ವಯಸ್ಕರ ಲೆಕ್ಕವನ್ನು ವಿವಾಹಿತರು, ಅವಿವಾಹಿತರು, ಸಂಗಾತಿಯನ್ನು ಕಳೆದುಕೊಂಡವರು ಎಂದು ವಿಂಗಡಿಸಿ 1858ರಲ್ಲಿ ಅವನು ಪ್ರಬಂಧವೊಂದನ್ನು ಮಂಡಿಸಿದ. ಒಟ್ಟಿನಲ್ಲಿ ವಿವಾಹಿತರ ಸಾವಿನ ಪ್ರಮಾಣ ಕಡಿಮೆಯಿತ್ತು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಇಪ್ಪತ್ತು ವರ್ಷ ತುಂಬುವ ಮೊದಲೇ ಮದುವೆಯಾದವರಿಗೆ ಈ ಲಾಭ ದಕ್ಕಿರಲಿಲ್ಲ, ಅವರಲ್ಲಿ ಸಾವು ಹೆಚ್ಚಿತ್ತು. ಮದುವೆಯ ಮಹಿಮೆ ಹೇಳುವವರು ಈ ಭಾಗವನ್ನು ಮರೆಯುವುದೇ ಹೆಚ್ಚು.

ಫಾರ್‌ನ ಲೆಕ್ಕಕ್ಕೆ ಆಕ್ಷೇಪ ಬರಲು ತಡವಾಗಲಿಲ್ಲ. ಚಾರ್ಲ್ಸ್ ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ ಇದನ್ನು ಚರ್ಚಿಸಿದ. ರೋಗಿಷ್ಠರು, ದುರ್ಬಲರು, ಕುಡುಕರು ಮದುವೆಯಾಗುವುದೇ ಕಡಿಮೆ. ಹಾಗಿರುವಾಗ ಮದುವೆಯಿಂದ ಆರೋಗ್ಯ ಬಂತೋ, ಆರೋಗ್ಯವಿದ್ದವರಿಗೆ ಮದುವೆಯಾಯಿತೋ? ಈ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ.

ಕ್ಯಾನ್ಸರಿನ ಮಟ್ಟಿಗೆ ಉತ್ತರ ಹುಡುಕಲು ಪ್ರತಿ ರೋಗಿಯನ್ನೂ ದಾಖಲಿಸಿ, ವರ್ಷಗಟ್ಟಲೆ ಹಿಂಬಾಲಿಸುವ ವ್ಯವಸ್ಥೆ ಬೇಕಿತ್ತು. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ನಾರ್ವೆಯಂತಹ ದೇಶಗಳಲ್ಲಿ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಹುಟ್ಟಿಕೊಂಡವು. ಅಮೆರಿಕದ ರಾಷ್ಟ್ರೀಯ ನೋಂದಣಿ ಯೋಜನೆ 1973ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಗರದ ರೋಗಿಗಳ ನೋಂದಣಿ 1982ರಿಂದ ನಡೆಯುತ್ತಿದೆ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ದಾಖಲೆಗಳಿಂದ 27,779 ರೋಗಿಗಳ ವಿವರ ತೆಗೆದು ಜೇಮ್ಸ್ ಗುಡ್‌ವಿನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಅವಿವಾಹಿತರಲ್ಲಿ ರೋಗ ಪತ್ತೆಯಾಗುವಾಗಲೇ ತಡವಾಗಿರುತ್ತಿತ್ತು. ಪತ್ತೆಯಾದ ಮೇಲೂ ಅವರಿಗೆ ಗುಣಪಡಿಸುವಂತಹ ಚಿಕಿತ್ಸೆ ಸಿಗುವುದು ಕಡಿಮೆ. ಈ ಎರಡನ್ನೂ ಲೆಕ್ಕದಿಂದ ಹೊರಗಿಟ್ಟರೂ ಅವರ ಸಾವಿನ ಅಪಾಯ ಶೇ. 23ರಷ್ಟು ಹೆಚ್ಚಿತ್ತು.

2013ರಲ್ಲಿ ಅಯಲ್ ಐಝರ್ ಮತ್ತು ತಂಡ ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡದಾಗಿ ಕೈಗೆತ್ತಿಕೊಂಡಿತು. 2004ರಿಂದ 2008ರ ನಡುವೆ ಹತ್ತು ಬಗೆಯ ಮಾರಕ ಕ್ಯಾನ್ಸರಿಗೆ ತುತ್ತಾದ ಅಮೆರಿಕದ 7,34,889 ರೋಗಿಗಳ ವಿವರ ಅವರ ಮುಂದಿತ್ತು. ವಿವಾಹಿತರು ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ. 20ರಷ್ಟು ಕಡಿಮೆ ಎಂದು ಕಂಡುಬಂತು. ಸ್ತನ, ಪ್ರಾಸ್ಟೇಟ್, ದೊಡ್ಡ ಕರುಳು ಸೇರಿದಂತೆ ಐದು ಬಗೆಯ ಕ್ಯಾನ್ಸರಿನಲ್ಲಿ ಈ ವ್ಯತ್ಯಾಸ ಕೀಮೋಥೆರಪಿಯಿಂದ ಸಿಗುವ ಲಾಭಕ್ಕಿಂತಲೂ ದೊಡ್ಡದಾಗಿತ್ತು. ಇನ್ನೊಂದು ಅಂಶವೂ ಗಮನಾರ್ಹ. ಮದುವೆಯ ಲಾಭ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು.

ಎಲ್ಲವೂ ಹಣದ ಮಹಿಮೆಯಿರಬಹುದೇ? ವಿವಾಹಿತರ ಮನೆಯಲ್ಲಿ ಎರಡು ಸಂಪಾದನೆ, ಆರೋಗ್ಯ ವಿಮೆ ಇರಬಹುದಲ್ಲ? ನಾರ್ವೆಯ ಅನುಭವ ಇದನ್ನು ಒಪ್ಪುವುದಿಲ್ಲ. ಅಲ್ಲಿ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ಆದರೂ 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1970ರ ದಶಕದ ಆರಂಭದಲ್ಲಿ ಮದುವೆಯಾಗದ ಗಂಡಸರ ಸಾವಿನ ಪ್ರಮಾಣ ವಿವಾಹಿತರಿಗಿಂತ ಶೇ. 18ರಷ್ಟು ಹೆಚ್ಚಿದ್ದುದು 2005-07ರ ವೇಳೆಗೆ ಶೇ. 35ಕ್ಕೆ ಏರಿತ್ತು. ಔಷಧಗಳು ಸುಧಾರಿಸಿದಷ್ಟೂ ಒಂಟಿ ಜೀವಗಳು ಹಿಂದೆ ಬಿದ್ದವು.

ಹಾಗಾದರೆ ಸಂಗಾತಿ ಮಾಡುವುದಾದರೂ ಏನು? ಕ್ಯಾನ್ಸರ್ ಚಿಕಿತ್ಸೆಯ ದಾರಿಯನ್ನು ನೆನೆಸಿಕೊಂಡರೆ ಸಾಕು. ವಾಸಿಯಾಗದ ಹುಣ್ಣನ್ನು, ನಿಲ್ಲದ ಕೆಮ್ಮನ್ನು ಕಂಡು ‘ಇವತ್ತೇ ಡಾಕ್ಟರಿಗೆ ತೋರಿಸಿ’ ಎಂದು ಹಟ ಹಿಡಿಯುವವರು ಬೇಕು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಹಲವು ವಾರಗಳ ಓಡಾಟ. ವಾಂತಿಯಾದ ರಾತ್ರಿ ಎದ್ದು ಕೂರಲು, ಮಾತ್ರೆಯ ಹೊತ್ತು ನೆನಪಿಡಲು, ‘ಸಾಕು, ಇನ್ನು ಬರುವುದಿಲ್ಲ’ ಎಂದು ರೋಗಿ ಮುಷ್ಕರ ಹೂಡಿದಾಗ ಮತ್ತೆ ಕರೆದೊಯ್ಯಲು ಒಬ್ಬರು ಬೇಕು. ವಿವಾಹ ಪ್ರಮಾಣ ಪತ್ರ ಈ ಕೆಲಸ ಮಾಡುವುದಿಲ್ಲ, ಮಾಡುವುದು ಮನುಷ್ಯ.

ಆ ಮನುಷ್ಯ ಎಲ್ಲ ಮದುವೆಗಳಲ್ಲೂ ಸಿಗುತ್ತಾನೆಯೇ? 2009ರಲ್ಲಿ ಅಮೆರಿಕದಲ್ಲಿ 515 ವಿವಾಹಿತ ರೋಗಿಗಳ ಕುರಿತ ಅಧ್ಯಯನವೊಂದು ಬಂತು. ಅವರಲ್ಲಿ ಹೆಚ್ಚಿನವರು ಮಿದುಳಿನ ಗೆಡ್ಡೆ ಅಥವಾ ಬೇರೆ ಕ್ಯಾನ್ಸರಿನಿಂದ ನರಳುತ್ತಿದ್ದವರು. ರೋಗಿ ಗಂಡನಾಗಿದ್ದಾಗ ದಾಂಪತ್ಯ ಮುರಿದದ್ದು ಶೇ. 2.9 ಮಾತ್ರ. ರೋಗಿ ಹೆಂಡತಿಯಾಗಿದ್ದಾಗ ಅದು ಶೇ. 20.8. ಮದುವೆಯ ಲಾಭ ಗಂಡಸರಿಗೇ ಏಕೆ ಹೆಚ್ಚು ಎಂಬುದನ್ನು ಅರಿಯಲು ಈ ಎರಡು ಅಂಕಿಗಳು ಬಹಳಷ್ಟು ನೆರವಾಗುತ್ತವೆ. ಆರೈಕೆ ಮಾಡುವುದು ಹೆಂಗಸಿನ ಕೆಲಸ, ಆರೈಕೆ ಪಡೆಯುವುದು ಗಂಡಸಿನ ಹಕ್ಕು ಎಂಬ ರೂಢಿ ಅಮೆರಿಕದ ಸೊತ್ತು ಮಾತ್ರವಲ್ಲ ಎಂಬುದನ್ನು ನಮ್ಮ ಮನೆಗಳೂ ಬಲ್ಲವು.

ಇನ್ನೊಂದು ಅಪಾಯ ವೈದ್ಯರ ಕಡೆಯಿಂದಲೇ ಬರುತ್ತದೆ. ಅಮೆರಿಕದ ಸಾಹಿತ್ಯ ಪ್ರಾಧ್ಯಾಪಕಿ ಜೋನ್ ಡೆಲ್‌ಫಟ್ಟೋರೆ ಅವಿವಾಹಿತೆ. ಕ್ಯಾನ್ಸರ್ ಬಂದಾಗ ನೆರವಾಗಲು ಅವರಿಗೆ ಸ್ನೇಹಿತರ ದೊಡ್ಡ ಬಳಗವೇ ಇತ್ತು. ಆದರೆ ಗಂಡನಿಲ್ಲ, ಮಕ್ಕಳಿಲ್ಲ ಎಂದು ತಿಳಿದ ವೈದ್ಯರೊಬ್ಬರು ತೀವ್ರ ಚಿಕಿತ್ಸೆ ಕೊಡಲು ಹಿಂಜರಿದರು. ಅವರು ಬೇರೆ ವೈದ್ಯರ ಬಳಿ ಹೋಗಿ ಬದುಕಿಕೊಂಡರು. ಬಳಿಕ ಇದೇ ವಿಷಯದ ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಚಿಕಿತ್ಸೆ ಬೇಡವೆಂದು ತಾವಾಗಿ ನಿರಾಕರಿಸುವ ರೋಗಿಗಳು ತೀರಾ ಕಡಿಮೆ. ಹಾಗಾಗಿ ಒಂಟಿ ಜನರಿಗೆ ಚಿಕಿತ್ಸೆ ಕಡಿಮೆಯಾಗುವುದಕ್ಕೆ ಅವರ ಬಗೆಗಿನ ಪೂರ್ವಗ್ರಹವೂ ಕಾರಣವಿರಬಹುದು ಎಂಬುದು ಅವರ ವಾದ. ಅಂದರೆ ಫಾರ್ ಆರಂಭಿಸಿದ ಲೆಕ್ಕ ಒಂದು ಸುತ್ತು ಹಾಕಿ ರೋಗಿಯ ಮೇಲೆಯೇ ತಿರುಗಿ ಬಿದ್ದಿತ್ತು.

ಮದುವೆಯಲ್ಲದೆ ಬೇರೆ ಆಸರೆ ಇದೆಯೇ? ಇದೆ. ಸ್ತನದ ಕ್ಯಾನ್ಸರಿಗೆ ತುತ್ತಾದ 2,835 ಅಮೆರಿಕನ್ ದಾದಿಯರ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪ್ತ ಬಂಧುಗಳು, ಸ್ನೇಹಿತರು, ಮಕ್ಕಳು ಯಾರೂ ಇಲ್ಲದವರ ಸಾವಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚಿತ್ತು. ಹಾಗೆಂದು ಬರೀ ಸಾಂತ್ವನದ ಮಾತಿನಿಂದ ಆಯುಷ್ಯ ಬೆಳೆಯುತ್ತದೆ ಎನ್ನಲಾಗದು. ರೋಗಿಗಳು ಗುಂಪಾಗಿ ಕುಳಿತು ಮಾತಾಡಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು 1989ರಲ್ಲಿ ಡೇವಿಡ್ ಸ್ಪೀಗಲ್ ವರದಿ ಮಾಡಿದ್ದರು. ಮುಂದಿನ ದೊಡ್ಡ ಪರೀಕ್ಷೆಗಳಲ್ಲಿ ಅದು ನಿಜವೆಂದು ಸಾಬೀತಾಗಲಿಲ್ಲ. ಮನಸ್ಸಿಗೆ ನೆಮ್ಮದಿ ಸಿಕ್ಕಿತು, ಆಯುಷ್ಯ ಹೆಚ್ಚಲಿಲ್ಲ.

ಆಯುಷ್ಯ ಹೆಚ್ಚಿದ ಒಂದು ಕಡೆಯನ್ನು ನೋಡಿ. ನ್ಯೂಯಾರ್ಕಿನ ಹಾರ್ಲೆಮ್ ಬಡ ಕಪ್ಪು ಜನರ ಬಡಾವಣೆಯಾಗಿತ್ತು. ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ಐದು ವರ್ಷ ಬದುಕುತ್ತಿದ್ದವರು ಶೇ. 39 ಮಾತ್ರ. ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ ಉಚಿತ ತಪಾಸಣೆ ಏರ್ಪಡಿಸಿದರು. 1990ರಲ್ಲಿ ರೋಗಿಗಳ ಜೊತೆ ನಡೆಯುವ ಮಾರ್ಗದರ್ಶಕರನ್ನೂ ನೇಮಿಸಿದರು. ಕಾಗದ ಪತ್ರ ತುಂಬಿಸುವುದು, ತಪಾಸಣೆಯ ದಿನ ನೆನಪಿಸುವುದು, ಭಯಪಟ್ಟವರ ಕೈ ಹಿಡಿಯುವುದು ಇವರ ಕೆಲಸ. 1995-2000ರ ಅವಧಿಯ ರೋಗಿಗಳಲ್ಲಿ ಐದು ವರ್ಷ ಬದುಕಿದವರು ಶೇ. 70ಕ್ಕೆ ಏರಿದರು. ಯಾರಿಗೂ ಮದುವೆ ಮಾಡಿಸಬೇಕಾಗಿ ಬರಲಿಲ್ಲ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 4 ಕೋಟಿಗೂ ಹೆಚ್ಚು ವಿಧವೆಯರಿದ್ದರು. ಮದುವೆಯಾಗದವರು, ಗಂಡ ಬಿಟ್ಟವರು, ಮಕ್ಕಳು ದೂರ ಹೋದ ಮುದುಕರು ಬೇರೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು ‘ಜೊತೆಗೆ ಯಾರು ಬಂದಿದ್ದೀರಿ?’ ಎಂಬುದು. ಔಷಧ ತರುವುದಕ್ಕೂ ರಕ್ತ ಹೊಂದಿಸುವುದಕ್ಕೂ ಜೊತೆಗಾರ ಬೇಕೇ ಬೇಕು. ಆ ಪ್ರಶ್ನೆಗೆ ‘ಯಾರೂ ಇಲ್ಲ’ ಎಂದು ಉತ್ತರಿಸುವ ಹೆಂಗಸು ಬಹಳ ಸಲ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ನೂರೈವತ್ತು ವರ್ಷಗಳ ಲೆಕ್ಕ ಕೊನೆಗೆ ಹೇಳುವುದು ಇಷ್ಟೇ: ಚಿಕಿತ್ಸೆಯ ಅರ್ಧ ಭಾರವನ್ನು ನಾವು ಮನೆಯವರ ಹೆಗಲಿಗೆ ಹಾಕಿದ್ದೇವೆ, ಮನೆಯವರಿಲ್ಲದವರು ಅದಕ್ಕೆ ಪ್ರಾಣದ ಬೆಲೆ ತೆರುತ್ತಿದ್ದಾರೆ. ಆ ಭಾರವನ್ನು ಆಸ್ಪತ್ರೆ, ಸರಕಾರ, ನೆರೆಹೊರೆ ಹಂಚಿಕೊಳ್ಳಬಹುದು ಎಂಬುದಕ್ಕೆ ಹಾರ್ಲೆಮ್ ಸಾಕ್ಷಿ. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಯಾರಿಗಾದರೂ ಈ ರೋಗ ಬಂದರೆ, ‘ಜೊತೆಗೆ ಯಾರು ಬಂದಿದ್ದೀರಿ?’ ಎಂಬ ಪ್ರಶ್ನೆಗೆ ‘ನಾನು’ ಎನ್ನಲು ನಮ್ಮಲ್ಲಿ ಯಾರು ಸಿದ್ಧರಿದ್ದೇವೆ?